ಪರದೆಗೊಂದು ಆಯುಷ್ಯ, ತಂತ್ರಾಂಶಕ್ಕೊಂದು ಆಯುಷ್ಯ: ಬಿಲ್ಲಿನಲ್ಲಿ ಎರಡೂ ನಮೂದಾಗಲಿ

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಾಗಲಿ, ಧಾರವಾಡದ ಸುಭಾಷ ರಸ್ತೆಯಲ್ಲಾಗಲಿ ಟಿ.ವಿ. ಮಾರಾಟ ಮಾಡುವ ವರ್ತಕರಿಗೆ ಈಗ ಹೊಸ ಬಗೆಯ ದೂರೊಂದು ಪರಿಚಿತವಾಗಿದೆ. "ಸಾವ್ಕಾರ್ರ, ಟಿ.ವಿ. ಛಲೋ ಐತ್ರಿ; ಆದ್ರ ಆ್ಯಪ್ ಓಪನ್ ಆಗವಲ್ದು" ಎಂಬುದು ಆ ದೂರಿನ ಸಾರ. ಚಿತ್ರ ಸ್ವಚ್ಛವಾಗಿದೆ, ಧ್ವನಿ ಸರಿಯಾಗಿದೆ, ರಿಮೋಟಿಗೂ ದೋಷವಿಲ್ಲ. ಆದರೆ ಐದಾರು ವರ್ಷಗಳ ಹಿಂದೆ ಯಾವ ಸೌಲಭ್ಯವನ್ನು ನೋಡಿ ಗ್ರಾಹಕರು ಹೆಚ್ಚಿನ ಹಣ ಕೊಟ್ಟು "ಸ್ಮಾರ್ಟ್" ಟಿ.ವಿ. ಕೊಂಡರೋ ಆ ಸೌಲಭ್ಯವೇ ನಿಂತುಹೋಗಿದೆ. ಪರದೆಯ ಮೇಲೆ "ಈ ಸಾಧನದಲ್ಲಿ ಈ ಆ್ಯಪ್ ಲಭ್ಯವಿಲ್ಲ" ಎಂಬರ್ಥದ ಒಂದು ಸಾಲು ಮಾತ್ರ ಕಾಣಿಸುತ್ತದೆ.

ಇಂಥ ಟಿ.ವಿ.ಯನ್ನು ರಿಪೇರಿಯವರ ಬಳಿ ಒಯ್ದರೆ ಬದಲಿಸಬೇಕಾದ ಬಿಡಿಭಾಗವೇ ಇಲ್ಲ. ತಯಾರಕರ ಸಹಾಯವಾಣಿಗೆ ಕರೆ ಮಾಡಿದರೆ ಆ್ಯಪ್ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಆ್ಯಪ್ ಕಂಪನಿಯವರು ಟಿ.ವಿ. ತಯಾರಕರನ್ನು ಕೇಳಿ ಎನ್ನುತ್ತಾರೆ. ಕೊನೆಗೆ ಗ್ರಾಹಕರಿಗೆ ಎದುರಿಗೆ ಸಿಗುವವರು ಬಿಲ್ಲು ಬರೆದುಕೊಟ್ಟ ಅಂಗಡಿಯ ಮಾಲೀಕರು ಮಾತ್ರ. ಟಿ.ವಿ.ಯನ್ನು ತಯಾರಿಸದ, ಆ್ಯಪನ್ನೂ ರಚಿಸದ ವರ್ತಕರು ಇಬ್ಬರ ಪರವಾಗಿಯೂ ಮಾತು ಕೇಳಬೇಕಾಗಿ ಬಂದಿದೆ. ಇದು ಮೇಲ್ನೋಟಕ್ಕೆ ಮನರಂಜನೆಯ ಸಣ್ಣ ತೊಂದರೆಯಂತೆ ಕಂಡರೂ, ವಾಸ್ತವದಲ್ಲಿ ಬಾಳಿಕೆಯ ವಸ್ತುಗಳ ವ್ಯಾಪಾರ, ಲೆಕ್ಕಪತ್ರ ಹಾಗೂ ವರ್ತಕರ ನಂಬಿಕೆಗೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಕಾರಣಗಳೇನು?

ಸ್ಮಾರ್ಟ್ ಟಿ.ವಿ. ಎಂದರೆ ಒಂದು ಪರದೆ ಹಾಗೂ ಅದರ ಬೆನ್ನಿಗೆ ಅಂಟಿಸಿದ ಒಂದು ಸಣ್ಣ ಗಣಕಯಂತ್ರ. ಪರದೆ ಎಂಟು-ಹತ್ತು ವರ್ಷ ಬಾಳಬಲ್ಲದು. ಒಳಗಿನ ಗಣಕಯಂತ್ರವಾದರೋ ಮಾರಾಟದ ದಿನವೇ ಸಾಧಾರಣ ಮೊಬೈಲಿಗಿಂತ ದುರ್ಬಲವಾಗಿರುವುದುಂಟು. ಬೆಲೆ ತಗ್ಗಿಸುವ ಪೈಪೋಟಿಯಲ್ಲಿ ತಯಾರಕರು ಮೊದಲು ಕಡಿತ ಮಾಡುವುದು ಗ್ರಾಹಕರ ಕಣ್ಣಿಗೆ ಕಾಣದ ಸ್ಮರಣಶಕ್ತಿ ಮತ್ತು ಪ್ರೊಸೆಸರ್ ಭಾಗದಲ್ಲಿಯೇ. ಇತ್ತ ಆ್ಯಪ್‌ಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಗುತ್ತವೆ.

ಎರಡನೆಯ ಕಾರಣ ವಿಷಯದ ರಕ್ಷಣೆಗೆ ಸಂಬಂಧಿಸಿದ್ದು. ಚಲನಚಿತ್ರಗಳನ್ನು ನಕಲು ಮಾಡದಂತೆ ಕಾಯುವ ಬೀಗದ ವ್ಯವಸ್ಥೆಯನ್ನು ಆ್ಯಪ್ ಕಂಪನಿಗಳು ಕಾಲಕಾಲಕ್ಕೆ ಬದಲಿಸುತ್ತವೆ. ಹೊಸ ಬೀಗಕ್ಕೆ ಹೊಂದುವ ಕೀಲಿ ಹಳೆಯ ಟಿ.ವಿ.ಯಲ್ಲಿ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಮೂರನೆಯದಾಗಿ, ಚಿತ್ರವನ್ನು ಸಂಕುಚಿಸಿ ಕಳುಹಿಸುವ ವಿಧಾನಗಳೂ ಬದಲಾಗುತ್ತಿವೆ. ಹೊಸ ವಿಧಾನದಲ್ಲಿ ಬಂದ ಚಿತ್ರವನ್ನು ಬಿಡಿಸಿಕೊಳ್ಳುವ ಸಾಮರ್ಥ್ಯ ಹಳೆಯ ಚಿಪ್‌ಗೆ ಇರುವುದಿಲ್ಲ. ನಾಲ್ಕನೆಯದು ಭದ್ರತಾ ಪ್ರಮಾಣಪತ್ರಗಳು. ಅಂತರಜಾಲದ ಸಂಪರ್ಕ ನಂಬಿಕೆಗೆ ಅರ್ಹವೇ ಎಂದು ಪರೀಕ್ಷಿಸುವ ಮೂಲ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ವ್ಯಾಪಕ ಬಳಕೆಯಲ್ಲಿದ್ದ ಇಂಥ ಒಂದು ಪ್ರಮಾಣಪತ್ರದ ಅವಧಿ ಮುಗಿದಾಗ, ನವೀಕರಣ ದೊರೆಯದ ಅನೇಕ ಹಳೆಯ ಸಾಧನಗಳು ಜಗತ್ತಿನಾದ್ಯಂತ ತೊಂದರೆಗೆ ಒಳಗಾದವು.

ಇವುಗಳ ಜೊತೆಗೆ ಪ್ರತಿ ತಯಾರಕರ ಕಾರ್ಯಾಚರಣೆ ವ್ಯವಸ್ಥೆಯೂ ಬೇರೆ ಬೇರೆ. ಎಲ್.ಜಿ. ಕಂಪನಿಯು 2014ರಲ್ಲಿ ವೆಬ್‌ಓಎಸ್‌ಗೆ, ಸ್ಯಾಮ್‌ಸಂಗ್ 2015ರಲ್ಲಿ ಟೈಝನ್‌ಗೆ ಬದಲಾದಾಗ ಅವುಗಳ ಹಿಂದಿನ ಟಿ.ವಿ.ಗಳು ಬೇರೊಂದು ಪೀಳಿಗೆಯಾಗಿ ಉಳಿದವು. ಪ್ರತಿಯೊಂದು ಪೀಳಿಗೆಗೂ ಆ್ಯಪನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ ಪರೀಕ್ಷಿಸುವುದು ಖರ್ಚಿನ ಕೆಲಸ. ಬಳಕೆದಾರರ ಸಂಖ್ಯೆ ಇಳಿದಂತೆ ಆ ಪೀಳಿಗೆಯನ್ನು ಕೈಬಿಡುವುದು ಕಂಪನಿಗಳ ರೂಢಿ.

ಇದು ಇಂದು ನಿನ್ನೆಯ ಸಂಗತಿಯಲ್ಲ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿದಾಗ, 2012 ಹಾಗೂ ಅದಕ್ಕೂ ಹಿಂದಿನ ಅನೇಕ ಟಿ.ವಿ.ಗಳಲ್ಲಿ ಅದರ ಆ್ಯಪ್ ಸ್ತಬ್ಧವಾಯಿತು. 2019ರ ಡಿಸೆಂಬರ್ 1ರಿಂದ ಸ್ಯಾಮ್‌ಸಂಗ್‌ನ 2010 ಮತ್ತು 2011ರ ಕೆಲವು ಮಾದರಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತಿತು. ತಾಂತ್ರಿಕ ಮಿತಿಗಳು ಎಂಬುದೇ ಆಗ ಕೊಟ್ಟ ಕಾರಣ. ಭಾರತಕ್ಕೆ ನೆಟ್‌ಫ್ಲಿಕ್ಸ್ ಬಂದದ್ದು 2016ರ ಜನವರಿಯಲ್ಲಿ. ಕನ್ನಡದ ಧಾರಾವಾಹಿ, ಚಿತ್ರಗಳನ್ನು ಒದಗಿಸುವ ಸನ್ ನೆಕ್ಸ್ಟ್ 2017ರಲ್ಲಿ, ಝೀ5 2018ರಲ್ಲಿ ಆರಂಭವಾದವು. ಉತ್ತರ ಕರ್ನಾಟಕದ ಮನೆಗಳಲ್ಲಿ ಸ್ಮಾರ್ಟ್ ಟಿ.ವಿ. ಹೆಚ್ಚಾಗಿ ಸೇರಿದ್ದು ಈ ವರ್ಷಗಳಿಂದೀಚೆಗೆ. ಆದ್ದರಿಂದ ಹೊರದೇಶಗಳಲ್ಲಿ ಮೊದಲೇ ಎದುರಾದ ಸಮಸ್ಯೆ ಅವಳಿನಗರದ ಗ್ರಾಹಕರ ಬಾಗಿಲಿಗೆ ಬರುತ್ತಿರುವುದು ಈಗ.

ಸೆಟ್‌ಟಾಪ್ ಬಾಕ್ಸ್ ಕಲಿಸಿದ ಪಾಠ

ಕೇಬಲ್ ಟಿ.ವಿ. ಡಿಜಿಟಲೀಕರಣದ ದಿನಗಳನ್ನು ವರ್ತಕರು ಮರೆತಿರಲಾರರು. ರಾಜ್ಯದಲ್ಲಿ ಬೆಂಗಳೂರು, ಮೈಸೂರುಗಳಿಗೆ 2013ರ ಹಂತದಲ್ಲಿಯೂ, ಹುಬ್ಬಳ್ಳಿ-ಧಾರವಾಡವೂ ಸೇರಿದಂತೆ ಉಳಿದ ನಗರ ಪ್ರದೇಶಗಳಿಗೆ 2015ರ ಡಿಸೆಂಬರ್ 31ರ ಗಡುವಿನ ಹಂತದಲ್ಲಿಯೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಆಗಲೂ ಪ್ರಸಾರದ ತಂತ್ರಜ್ಞಾನ ಸಂಪೂರ್ಣ ಬದಲಾಯಿತು. ಆದರೆ ಯಾರೂ ಟಿ.ವಿ.ಯನ್ನು ಬಿಸಾಡಬೇಕಾಗಿ ಬರಲಿಲ್ಲ. ಹೊಸ ತಂತ್ರಜ್ಞಾನವೆಲ್ಲ ಒಂದು ಚಿಕ್ಕ ಡಬ್ಬಿಯೊಳಗೆ ಇತ್ತು. ಹದಿನೈದು ವರ್ಷದ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ. ಕೂಡ ಆ ಡಬ್ಬಿಯ ಜೊತೆಗೂಡಿ ಚಿತ್ರ ತೋರಿಸಿತು.

ಬೇಗ ಹಳತಾಗುವ ಭಾಗವನ್ನು ನಿಧಾನವಾಗಿ ಹಳತಾಗುವ ಭಾಗದಿಂದ ಬೇರ್ಪಡಿಸಿ ಇಡುವುದು ಮಿತವ್ಯಯದ ಮೂಲಸೂತ್ರ. ಸ್ಮಾರ್ಟ್ ಟಿ.ವಿ.ಯು ಈ ಸೂತ್ರವನ್ನು ತಲೆಕೆಳಗು ಮಾಡಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬಂಧಿಸಿತು. ಪರಿಹಾರವೂ ಅದೇ ಹಳೆಯ ಪಾಠದಲ್ಲಿಯೇ ಇದೆ. ಎಚ್.ಡಿ.ಎಂ.ಐ. ಪೋರ್ಟ್ ಇರುವ ಯಾವುದೇ ಟಿ.ವಿ.ಗೆ ಸಿಕ್ಕಿಸಬಹುದಾದ ಸ್ಟಿಕ್ ಅಥವಾ ಚಿಕ್ಕ ಬಾಕ್ಸ್ ಕೆಲವೇ ಸಾವಿರ ರೂಪಾಯಿಗಳಲ್ಲಿ ದೊರೆಯುತ್ತದೆ. ಅಮೆಜಾನ್ ಕಂಪನಿಯ ಸ್ಟಿಕ್ ಭಾರತದ ಮಾರುಕಟ್ಟೆಗೆ 2017ರಲ್ಲಿಯೇ ಬಂದಿದೆ. ಆ್ಯಪ್ ನಿಂತ ಟಿ.ವಿ.ಯನ್ನು ಹಿಡಿದುಕೊಂಡು ಬಂದ ಗ್ರಾಹಕರಿಗೆ "ಹೊಸ ಟಿ.ವಿ. ತೆಗೆದುಕೊಳ್ಳಿರಿ" ಎನ್ನುವ ಮೊದಲು ಈ ಮಾರ್ಗವನ್ನು ತಿಳಿಸುವ ವರ್ತಕರು ಅಂದಿನ ಒಂದು ಮಾರಾಟವನ್ನು ಕಳೆದುಕೊಂಡರೂ ಮುಂದಿನ ಹತ್ತು ಮಾರಾಟಗಳನ್ನು ಗಳಿಸುತ್ತಾರೆ ಎಂಬುದರಲ್ಲಿ ಸಂದೇಹವಿಲ್ಲ.

ಲೆಕ್ಕಪುಸ್ತಕ ಏನು ಹೇಳುತ್ತದೆ?

ವಸ್ತುವೊಂದರ ಆಯುಷ್ಯದ ಪ್ರಶ್ನೆಯನ್ನು ಲೆಕ್ಕಶಾಸ್ತ್ರ ಬಹು ಹಿಂದೆಯೇ ಎತ್ತಿಕೊಂಡಿದೆ. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಕಚೇರಿ ಉಪಕರಣಗಳಿಗೆ 5 ವರ್ಷ, ಬಳಕೆದಾರರ ಗಣಕಯಂತ್ರಗಳಿಗೆ 3 ವರ್ಷಗಳ ಉಪಯುಕ್ತ ಅವಧಿಯನ್ನು ಸೂಚಿಸುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಶೇ. 15, ಗಣಕಯಂತ್ರಗಳಿಗೆ ಶೇ. 40 ಸವಕಳಿ. ಗಣಕಯಂತ್ರ ಬೇಗ ಹಳತಾಗುತ್ತದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ ಎಂದಾಯಿತು. ಆದರೆ ಹೊಟ್ಟೆಯೊಳಗೆ ಗಣಕಯಂತ್ರವನ್ನು ಇಟ್ಟುಕೊಂಡ ಟಿ.ವಿ.ಯು ಲೆಕ್ಕದಲ್ಲಿ ಸಾಮಾನ್ಯ ಉಪಕರಣವಾಗಿಯೇ ಕುಳಿತಿರುತ್ತದೆ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಗೋಕುಲ ರಸ್ತೆಯಲ್ಲಿ 30 ಕೊಠಡಿಗಳ ಲಾಡ್ಜ್ ಒಂದಿದೆ ಎಂದಿಟ್ಟುಕೊಳ್ಳೋಣ. ಪ್ರತಿ ಕೊಠಡಿಗೆ ತೆರಿಗೆ ಸೇರಿ ರೂ. 30,000ದ ಸ್ಮಾರ್ಟ್ ಟಿ.ವಿ. ಹಾಕಿಸಿದರೆ ಒಟ್ಟು ವೆಚ್ಚ ರೂ. 9,00,000. ಶೇ. 15ರಂತೆ ಇಳಿಕೆ ಮೌಲ್ಯದ ಪದ್ಧತಿಯಲ್ಲಿ ಐದು ಪೂರ್ಣ ವರ್ಷ ಸವಕಳಿ ಕಳೆದ ನಂತರವೂ ಸುಮಾರು ರೂ. 3,99,300 ಉಳಿದಿರುತ್ತದೆ. ಐದನೆಯ ವರ್ಷದಲ್ಲಿ ಆ್ಯಪ್‌ಗಳು ನಿಂತವೆಂದು ಮಾಲೀಕರು ಎಲ್ಲ ಟಿ.ವಿ.ಗಳನ್ನೂ ಗುಜರಿಗೆ ಹಾಕಿದರೆ ಆ ಉಳಿಕೆಯನ್ನು ಆ ವರ್ಷದ ನಷ್ಟವೆಂದು ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಬ್ಲಾಕ್‌ನಿಂದ ಕಡಿಮೆಯಾಗುವುದು ಗುಜರಿಯಿಂದ ಬಂದ ಹಣವಷ್ಟೇ. ಉಳಿದದ್ದು ಇತರ ಯಂತ್ರೋಪಕರಣಗಳ ಜೊತೆಯಲ್ಲಿ ವರ್ಷಾನುವರ್ಷ ನಿಧಾನವಾಗಿ ಕರಗಬೇಕು. ಗೋಡೆಯ ಮೇಲೆ ಇಲ್ಲದ ಟಿ.ವಿ. ಕಿರ್ದಿ-ಖಾತೆಯಲ್ಲಿ ಬದುಕಿರುತ್ತದೆ.

ಹೊಸ ಖರೀದಿಯ ಲೆಕ್ಕವನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದ್ದು, ವ್ಯಾಪಾರಕ್ಕೆ ಉತ್ತೇಜನ ದೊರೆತಿದೆ. ಆದರೆ ಅದೇ ದಿನದಿಂದ ದಿನಬಾಡಿಗೆ ರೂ. 7,500ರವರೆಗಿನ ಕೊಠಡಿಗಳಿಗೆ ಹೂಡುವಳಿ ತೆರಿಗೆ ಜಮೆ ಇಲ್ಲದ ಶೇ. 5ರ ದರ ಜಾರಿಗೆ ಬಂದಿದೆ. ಅಂದರೆ ಲಾಡ್ಜ್ ಮಾಲೀಕರು ಟಿ.ವಿ.ಯ ಮೇಲೆ ಕೊಟ್ಟ ಶೇ. 18 ತೆರಿಗೆ ಪೂರ್ಣವಾಗಿ ಅವರ ಕೈಯಿಂದಲೇ ಹೋಗುತ್ತದೆ. ತೆರಿಗೆ ಹೊರತು ರೂ. 30,000ದ 30 ಹೊಸ ಟಿ.ವಿ.ಗಳಿಗೆ ತೆರಿಗೆಯೂ ಸೇರಿ ರೂ. 10,62,000 ಆಗುತ್ತದೆ. ಅದರ ಬದಲು ತಲಾ ರೂ. 4,000ದಂತೆ 30 ಸ್ಟಿಕ್‌ಗಳನ್ನು ಹಾಕಿಸಿದರೆ ರೂ. 1,20,000. ಬೆಲೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ವ್ಯತ್ಯಾಸದ ಗಾತ್ರ ಬದಲಾಗದು. ಲಾಡ್ಜ್ ಮಾತ್ರವಲ್ಲ, ಷೋರೂಂ, ನರ್ಸಿಂಗ್ ಹೋಂ, ತರಬೇತಿ ಕೇಂದ್ರ ಎಲ್ಲಕ್ಕೂ ಈ ಲೆಕ್ಕ ಅನ್ವಯಿಸುತ್ತದೆ.

ವರ್ತಕರ ಮಾತಿಗೆ ಕಾನೂನಿನ ತೂಕ

2020ರ ಜುಲೈ 20ರಿಂದ ಜಾರಿಗೆ ಬರತೊಡಗಿದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ "ದೋಷ" ಎಂಬ ಪದಕ್ಕೆ ವಿಶಾಲವಾದ ವ್ಯಾಖ್ಯೆ ಇದೆ. ಕಾನೂನು ಅಥವಾ ಕರಾರಿನ ಪ್ರಕಾರ ಇರಬೇಕಾದ ಗುಣಮಟ್ಟದ ಕೊರತೆ ಮಾತ್ರವಲ್ಲ, ವರ್ತಕರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದ ಕೊರತೆಯೂ ದೋಷವೇ. ಕೌಂಟರಿನಲ್ಲಿ ನಿಂತ ಹುಡುಗ ಮಾರಾಟದ ಹುರುಪಿನಲ್ಲಿ "ಎಲ್ಲ ಆ್ಯಪ್ ಕಾಯಂ ನಡೀತಾವ್ರಿ" ಎಂದು ಹೇಳಿದರೆ ಅಥವಾ ವಾಟ್ಸಾಪಿನಲ್ಲಿ ಬರೆದು ಕಳುಹಿಸಿದರೆ ಅದು ಬರೀ ಮಾತಾಗಿ ಉಳಿಯುವುದಿಲ್ಲ. ದೂರು ಸಲ್ಲಿಸಲು ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ತಯಾರಕರ ವಾರಂಟಿ ಸಾಮಾನ್ಯವಾಗಿ ಒಂದು ವರ್ಷದ್ದು ಹಾಗೂ ಯಂತ್ರಭಾಗಗಳಿಗೆ ಸೀಮಿತವಾದದ್ದು. ಆ ವಾರಂಟಿ ಮುಗಿದ ಮೇಲೆ ಉಳಿಯುವುದು ಮಾರಾಟಗಾರರ ಮಾತೇ.

ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಸಾಮಾನ್ಯವಾಗಿ ಈ ಕಾಯ್ದೆಯ "ಗ್ರಾಹಕ" ವ್ಯಾಖ್ಯೆಯ ಹೊರಗೆ ಉಳಿಯುತ್ತಾರೆ ಎಂಬುದನ್ನೂ ಲಾಡ್ಜ್, ಷೋರೂಂ ಮಾಲೀಕರು ಗಮನಿಸಬೇಕು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ನಡೆಸುವವರಿಗೆ ಮಾತ್ರ ವಿನಾಯಿತಿ ಇದೆ. ಹೀಗಾಗಿ ಸಗಟು ಖರೀದಿಯ ಸಂದರ್ಭದಲ್ಲಿ ತಂತ್ರಾಂಶ ನವೀಕರಣದ ಅವಧಿಯನ್ನು ಆರ್ಡರಿನಲ್ಲಿಯೇ ಬರೆಯಿಸಿಕೊಳ್ಳುವುದು ಅವರಿಗಿರುವ ಬಲವಾದ ರಕ್ಷಣೆ.

ಬಿ.ಐ.ಎಸ್. ನೋಂದಣಿಯ ಗುರುತಿನ ಬಗೆಗೂ ತಪ್ಪು ತಿಳಿವಳಿಕೆ ಇದೆ. ಆ ಗುರುತು ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ಯಾವ ಆ್ಯಪ್ ಎಷ್ಟು ವರ್ಷ ನಡೆಯುತ್ತದೆ ಎಂಬುದಕ್ಕೆ ಅದು ಪ್ರಮಾಣವಲ್ಲ. ಕಡಿಮೆ ಬೆಲೆಯ ಕೆಲವು ಜೋಡಣೆ ಟಿ.ವಿ.ಗಳಲ್ಲಿ ಗೂಗಲ್‌ನ ಪ್ರಮಾಣೀಕರಣವಿಲ್ಲದ ಮುಕ್ತ ಆಂಡ್ರಾಯ್ಡ್ ಇರುತ್ತದೆ. ಪರದೆಯ ಮೇಲೆ ಆ್ಯಪ್‌ಗಳ ಚಿತ್ರಗಳು ಸಾಲಾಗಿ ಕಂಡರೂ ಆ್ಯಪ್ ಕಂಪನಿಗಳ ಅನುಮತಿ ಇರುವುದಿಲ್ಲ. ಇಂಥ ಟಿ.ವಿ. ಐದು ವರ್ಷ ಕಾಯದೆ ಐದೇ ತಿಂಗಳಲ್ಲಿ ದೂರು ತರಬಹುದು. ಸಗಟು ದರದ ಆಸೆಗೆ ಅದನ್ನು ದಾಸ್ತಾನು ಮಾಡುವ ವರ್ತಕರು ಲಾಭದೊಂದಿಗೆ ವ್ಯಾಜ್ಯವನ್ನೂ ಖರೀದಿಸಿದಂತಾಗುತ್ತದೆ.

ತಯಾರಕರ ವಾದದಲ್ಲಿ ಎಷ್ಟು ಹುರುಳಿದೆ?

ಒಂದು ಸಲ ಮಾರಿದ ವಸ್ತುವಿಗೆ ಕೊನೆಯಿಲ್ಲದಂತೆ ಉಚಿತ ನವೀಕರಣ ಕೊಡುತ್ತಿರುವುದು ಸಾಧ್ಯವಿಲ್ಲ ಎಂಬ ತಯಾರಕರ ವಾದ ನ್ಯಾಯವಾದದ್ದೇ. ಆ್ಯಪ್ ಕಂಪನಿಗಳ ನಿರ್ಧಾರ ಅವರ ಕೈಯಲ್ಲಿಲ್ಲ ಎಂಬುದೂ ನಿಜ. ಸುರಕ್ಷತೆ ಇಲ್ಲದ ಹಳೆಯ ತಂತ್ರಾಂಶವನ್ನು ಮುಂದುವರಿಸುವುದು ಗ್ರಾಹಕರಿಗೇ ಅಪಾಯ. ಆದ್ದರಿಂದ ತಂತ್ರಾಂಶ ಎಂದೆಂದಿಗೂ ನಡೆಯಬೇಕು ಎಂಬ ಬೇಡಿಕೆ ವಿವೇಕದ್ದಲ್ಲ.

ಆದರೆ ಅವಧಿಯನ್ನು ಮೊದಲೇ ತಿಳಿಸಬೇಕು ಎಂಬ ಬೇಡಿಕೆಗೆ ಉತ್ತರವಿಲ್ಲ. ಔಷಧದ ಪಟ್ಟಿಯ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನಾಂಕ ಇರುವಾಗ ಮೂವತ್ತು-ನಲವತ್ತು ಸಾವಿರದ ವಸ್ತುವಿನ ಮೇಲೆ ಏಕಿರಬಾರದು? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಸ್ಮಾರ್ಟ್ ಟಿ.ವಿ.ಯೂ ಸೇರಿದಂತೆ ಅಂತರಜಾಲಕ್ಕೆ ಸೇರುವ ಗೃಹೋಪಯೋಗಿ ವಸ್ತುಗಳ ತಯಾರಕರು ಭದ್ರತಾ ನವೀಕರಣದ ಕನಿಷ್ಠ ಅವಧಿಯನ್ನು ಪ್ರಕಟಿಸುವುದು ಕಡ್ಡಾಯವಾಗಿದೆ. ಕಂಪನಿಗಳಿಗೂ ಇದು ಅಸಾಧ್ಯವಲ್ಲ. 2024ರಲ್ಲಿ ಎಲ್.ಜಿ. ಕಂಪನಿಯು ಆಯ್ದ ಮಾದರಿಗಳಿಗೆ 5 ವರ್ಷಗಳ, ಸ್ಯಾಮ್‌ಸಂಗ್ ಆಯ್ದ ಮಾದರಿಗಳಿಗೆ 7 ವರ್ಷಗಳ ತಂತ್ರಾಂಶ ಉನ್ನತೀಕರಣವನ್ನು ಘೋಷಿಸಿದವು. ಅವಧಿ ಹೇಳುವುದು ಮಾರಾಟದ ಅಸ್ತ್ರವಾಗಬಲ್ಲದು ಎಂಬುದಕ್ಕೆ ಇದೇ ನಿದರ್ಶನ.

ಭಾರತದಲ್ಲಿಯೂ ಈ ದಿಕ್ಕಿನಲ್ಲಿ ಹೆಜ್ಜೆಗಳು ಬಿದ್ದಿವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಕುರಿತು 2022ರ ಜುಲೈನಲ್ಲಿ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಹಾಗೂ ವಾಹನಗಳು ಅದರ ವ್ಯಾಪ್ತಿಯಲ್ಲಿದ್ದವು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ದುರಸ್ತಿಯ ಹಕ್ಕಿನ ಪೋರ್ಟಲ್ ಆರಂಭವಾಯಿತು. ಆದರೆ ದುರಸ್ತಿ ಎಂದಾಗ ಬಿಡಿಭಾಗ, ಸೇವಾಕೇಂದ್ರಗಳೇ ಕಣ್ಣಮುಂದೆ ಬರುತ್ತವೆ. ತಂತ್ರಾಂಶದ ಅವಧಿಯೂ ಅದರೊಳಗೆ ಸೇರಬೇಕು. ಏಕೆಂದರೆ ಆ್ಯಪ್ ನಿಂತ ಟಿ.ವಿ.ಗೆ ಯಾವ ಬಿಡಿಭಾಗವೂ ಮದ್ದಲ್ಲ.

ಸಣ್ಣ ಉತ್ಪಾದಕರಿಗೂ ಇದು ಕನ್ನಡಿ

ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಉತ್ಪಾದಕರು ಇದನ್ನು ಟಿ.ವಿ. ಅಂಗಡಿಯವರ ತಲೆನೋವೆಂದು ಬದಿಗಿಡುವಂತಿಲ್ಲ. ಪಂಪಿನ ನಿಯಂತ್ರಕ, ತೂಕದ ಯಂತ್ರ, ಇನ್ವರ್ಟರ್ ಮುಂತಾದವುಗಳಿಗೆ ಮೊಬೈಲ್ ಆ್ಯಪ್ ಜೋಡಿಸುವುದು ಇಂದಿನ ರೂಢಿಯಾಗುತ್ತಿದೆ. ಆ್ಯಪ್ ಬರೆದುಕೊಟ್ಟ ಹುಡುಗರು ಎರಡು ವರ್ಷಗಳಲ್ಲಿ ಬೇರೆ ಕೆಲಸಕ್ಕೆ ಹೋಗುತ್ತಾರೆ; ಪಂಪು ಹೊಲದಲ್ಲಿ ಹತ್ತು ವರ್ಷ ಓಡುತ್ತದೆ. ಹೊಸ ಮೊಬೈಲಿನಲ್ಲಿ ಹಳೆಯ ಆ್ಯಪ್ ತೆರೆಯದಿದ್ದಾಗ ರೈತರು ಬೈಯುವುದು ಪಂಪಿನ ಹೆಸರನ್ನೇ. ಆದ್ದರಿಂದ ಆ್ಯಪ್ ಇಲ್ಲದೆಯೂ ಕೈಯಿಂದ ನಡೆಸಬಹುದಾದ ಗುಂಡಿ ಯಂತ್ರದ ಮೇಲೆ ಇರಲೇಬೇಕು. ಆ್ಯಪ್ ನಿರ್ವಹಣೆಯ ಮುಂದಿನ ವರ್ಷಗಳ ಖರ್ಚನ್ನು ವಸ್ತುವಿನ ಬೆಲೆ ನಿಗದಿ ಮಾಡುವಾಗಲೇ ಸೇರಿಸಬೇಕು.

ಸ್ವಂತ ಕಚೇರಿಯಲ್ಲಿಯೂ ವ್ಯಾಪಾರಿಗಳು ಇದನ್ನು ಅನುಭವಿಸಿದ್ದಾರೆ. 2021ರ ಜನವರಿ 1ರಿಂದ ಎರಡನೆಯ ದರ್ಜೆಯ ಡಿಜಿಟಲ್ ಸಹಿ ನಿಂತಿತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿವೃತ್ತವಾಯಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಉಚಿತ ಬೆಂಬಲ ಸಾಮಾನ್ಯ ಬಳಕೆದಾರರಿಗೆ ಕೊನೆಗೊಂಡಿತು. ಆದರೂ ಇವುಗಳಲ್ಲಿ ಒಂದು ಗುಣವಿತ್ತು: ದಿನಾಂಕ ಮುಂಚೆಯೇ ತಿಳಿದಿತ್ತು. ತಿಳಿದ ಕಾರಣ ಖರ್ಚಿಗೆ ಸಿದ್ಧತೆ ಮಾಡಿಕೊಳ್ಳಲು ಬಂತು. ಟಿ.ವಿ. ಕೊಂಡವರಿಗೆ ಇಲ್ಲದಿರುವುದು ಇಷ್ಟೇ ಸೌಜನ್ಯ.

ಏನಾಗಬೇಕು?

ಸರ್ಕಾರದ ನಿಯಮ ಬರುವವರೆಗೆ ಕಾಯಬೇಕಾದ ಅಗತ್ಯ ವರ್ತಕರಿಗಿಲ್ಲ. ಮೊದಲನೆಯದಾಗಿ, ಬಿಲ್ಲಿನಲ್ಲಿ ಮಾದರಿ ಸಂಖ್ಯೆಯ ಜೊತೆಗೆ ಆ ಮಾದರಿ ಬಿಡುಗಡೆಯಾದ ವರ್ಷ, ಕಾರ್ಯಾಚರಣೆ ವ್ಯವಸ್ಥೆಯ ಹೆಸರು ಹಾಗೂ ತಯಾರಕರು ತಿಳಿಸಿದ ನವೀಕರಣದ ಅವಧಿಯನ್ನು ನಮೂದಿಸಬೇಕು. ತಯಾರಕರು ತಿಳಿಸಿಲ್ಲವಾದರೆ "ತಿಳಿಸಿಲ್ಲ" ಎಂದೇ ಬರೆಯಬೇಕು. ಆ ಒಂದು ಪದ ಗ್ರಾಹಕರಿಗೆ ಎಚ್ಚರಿಕೆ, ವರ್ತಕರಿಗೆ ರಕ್ಷಣೆ. ಎರಡನೆಯದಾಗಿ, ಹಬ್ಬದ ರಿಯಾಯಿತಿಯಲ್ಲಿ ಹಳೆಯ ದಾಸ್ತಾನು ಖಾಲಿ ಮಾಡುವಾಗ ಮಾದರಿಯ ವರ್ಷವನ್ನು ಮುಚ್ಚಿಡಬಾರದು. ದಸರೆಗೆ ಮಾರಿದ ಮೂರು ವರ್ಷ ಹಳೆಯ ಮಾದರಿಯ ತಂತ್ರಾಂಶದ ಆಯುಷ್ಯ ಗೋದಾಮಿನಲ್ಲಿಯೇ ಮೂರು ವರ್ಷ ಕಳೆದಿರುತ್ತದೆ. ಮೂರನೆಯದಾಗಿ, ಮಾರಾಟದ ಸಿಬ್ಬಂದಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಬರೆದುಕೊಡಬೇಕು. ನಾಲ್ಕನೆಯದಾಗಿ, ಎಚ್.ಡಿ.ಎಂ.ಐ. ಪೋರ್ಟ್‌ಗಳ ಸಂಖ್ಯೆಯನ್ನೂ ಒಳ್ಳೆಯ ಪರದೆಯನ್ನೂ ಮುಂದಿಟ್ಟು ಮಾರಬೇಕು. ಕೊನೆಗೆ ಉಳಿಯುವವು ಅವೇ.

ವಾಣಿಜ್ಯೋದ್ಯಮ ಸಂಸ್ಥೆಯು ಸದಸ್ಯರಿಗಾಗಿ ಇಂಥ ಬಿಲ್ಲಿನ ಒಕ್ಕಣೆಯ ಮಾದರಿಯೊಂದನ್ನು ಸಿದ್ಧಪಡಿಸಿ ಹಂಚಬಹುದು. ತಂತ್ರಾಂಶದ ಅವಧಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದನ್ನು ಕಡ್ಡಾಯಗೊಳಿಸುವಂತೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ಮನವಿ ಸಲ್ಲಿಸಬಹುದು. ಒಬ್ಬ ವರ್ತಕ ಕೇಳಿದರೆ ತಯಾರಕರು ಉತ್ತರಿಸದಿರಬಹುದು. ಅವಳಿನಗರದ ವರ್ತಕರೆಲ್ಲ ಒಟ್ಟಾಗಿ ವಿತರಕರ ಮುಂದೆ ಅದೇ ಪ್ರಶ್ನೆ ಇಟ್ಟರೆ ಉತ್ತರ ಬರಲೇಬೇಕು.

ಆನ್‌ಲೈನ್ ಮಾರಾಟಗಾರರೊಂದಿಗೆ ಬೆಲೆಯಲ್ಲಿ ಪೈಪೋಟಿ ಮಾಡುವುದು ಊರಿನ ಅಂಗಡಿಗೆ ಕಷ್ಟ. ಆದರೆ ಗ್ರಾಹಕರ ಎದುರಿಗೆ ನಿಂತು, "ಈ ಪರದೆ ಹತ್ತು ವರ್ಷ ಬಂದೀತು, ಒಳಗಿನ ಆ್ಯಪ್‌ಗಳ ಹೊಣೆ ಇಂಥ ವರ್ಷದವರೆಗೆ, ಆಮೇಲೆ ಒಂದು ಸ್ಟಿಕ್ ಹಾಕಿಕೊಂಡರೆ ಸಾಕು" ಎಂದು ನೇರವಾಗಿ ಹೇಳುವ ಅನುಕೂಲ ಊರಿನ ವರ್ತಕರಿಗೆ ಇದೆ. ತಂತ್ರಾಂಶದ ಆಯುಷ್ಯ ಯಾರ ಕೈಯಲ್ಲಿದ್ದರೂ ಅದನ್ನು ಬಿಲ್ಲಿನಲ್ಲಿ ಬರೆಯುವ ಲೇಖನಿ ವರ್ತಕರ ಕೈಯಲ್ಲಿದೆ.